ಮೂರನೆಯ ಅಕ್ಷರ

“ಇದು ಬರೆದ ಸಹಿ ಅಲ್ಲ ಕಣೋ, ಬಿಡಿಸಿದ ಸಹಿ,” ಎಂದಳು ಅವಳು, ಮಸೂರದಿಂದ ಕಣ್ಣು ತೆಗೆಯದೆ.

“ಅಕ್ಕಾ, ಸಹಿ ಅಂದ್ರೆ ಸಹಿ. ಸಂಜೆ ಐದರೊಳಗೆ ಡ್ರೈವರ್ ಮೇಲೆ ಕೇಸು ಹಾಕಬೇಕು, ಇಲ್ಲ ಬಿಟ್ಟು ಕಳಿಸಬೇಕು. ಮೇಲಿನವರು ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿದಾರೆ.”

“ಐದಕ್ಕೆ ಇನ್ನೂ ಐದು ಗಂಟೆ ಇದೆ. ಇಲ್ಲಿ ಬಗ್ಗಿ ನೋಡು.”

ಇನ್ಸ್‌ಪೆಕ್ಟರ್ ಬಗ್ಗಿದ. ಠಾಣೆಯಲ್ಲಿ ಅವನು ಯಾರಿಗೂ ಬಗ್ಗುವವನಲ್ಲ. ಆದರೆ ಇವಳು ಒಡಹುಟ್ಟಿದ ಅಕ್ಕ. ಇಲಾಖೆಯಲ್ಲಿ ದಸ್ತಾವೇಜು ಪರೀಕ್ಷಿಸುವ ಕೆಲಸ ಅವಳದು. ಅದಕ್ಕೂ ಮುಂಚೆ ಆರು ವರ್ಷ ಸೋಪು, ಬಿಸ್ಕತ್ತು, ಬೆಂಕಿಪೊಟ್ಟಣಗಳ ಮೇಲಿನ ಅಕ್ಷರ ಬರೆದು ಹೊಟ್ಟೆ ಹೊರೆದವಳು. ಠಾಣೆಯವರೆಲ್ಲ ಬೆನ್ನ ಹಿಂದೆ ಅವಳನ್ನು ಭೂತಗನ್ನಡಿ ಎನ್ನುತ್ತಿದ್ದರು. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಬೇಜಾರಿರಲಿಲ್ಲ.

ಮೇಜಿನ ಮೇಲಿದ್ದದ್ದು ಈ ಪ್ರಕರಣದ ಏಕೈಕ ಸಾಕ್ಷಿಯ ಹೇಳಿಕೆ. ಮಂಗಳವಾರ ಮಧ್ಯಾಹ್ನ ಮೂರಕ್ಕೆ, ಊರಿನ ಅರ್ಧ ಬೋರ್ಡುಗಳನ್ನು ಬರೆದ ಎಪ್ಪತ್ತೊಂದು ವರ್ಷದ ಮೇಷ್ಟ್ರನ್ನು ಇಬ್ಬರು ಗಂಡಸರು ಕಂಕುಳಿಗೆ ಕೈಹಾಕಿ ಎತ್ತಿ ಕೆಂಪು ವ್ಯಾನಿನೊಳಗೆ ತಳ್ಳಿಕೊಂಡು ಹೋಗಿದ್ದರು. ನೋಡಿದ್ದು ಬೀದಿ ಮೂಲೆಯ ಇಸ್ತ್ರಿಯಾಕೆ ಒಬ್ಬಳೇ. ‘ವ್ಯಾನಿನ ಮೇಲೆ ಬೆಳಗು ಬ್ರೆಡ್ ಅಂತ ಇತ್ತು, ನಾನೇ ಓದಿದೆ’ ಎಂದು ಆಕೆ ಹೇಳಿದ ಒಂದು ಮಾತಿಗೆ ಬೆಳಗು ಬ್ರೆಡ್ಡಿನ ಡ್ರೈವರ್ ಎರಡು ದಿನದಿಂದ ಠಾಣೆಯ ಬೆಂಚಿನ ಮೇಲೆ ಕೂತಿದ್ದ. ಇವತ್ತು ಗುರುವಾರ.

“ಶಾಯಿ ಎಲ್ಲಿ ಯಾವುದರ ಮೇಲೆ ಹಾದಿದೆ ನೋಡು,” ಎಂದಳು ಭೂತಗನ್ನಡಿ. “ನೀನು, ನಾನು ಒಂದು ಅಕ್ಷರ ಮುಗಿಸಿ ಇನ್ನೊಂದಕ್ಕೆ ಹೋಗ್ತೀವಿ. ಈಯಮ್ಮ ಮೊದಲು ತಲೆಕಟ್ಟುಗಳನ್ನೆಲ್ಲ ಸಾಲಾಗಿ ಎಳೆದುಬಿಟ್ಟಿದಾಳೆ. ಆಮೇಲೆ ಒಂದೊಂದಕ್ಕೂ ಮೈ ನೇತುಹಾಕಿದಾಳೆ. ಅದೂ ಬಲಗಡೆಯಿಂದ ಶುರು ಮಾಡಿ.”

“ಅಂದ್ರೆ?”

“ಅಂದ್ರೆ ಈ ಸಹಿ ಆಕೆಗೆ ಒಂದು ಚಿತ್ರ. ಯಾರೋ ಬರೆದುಕೊಟ್ಟದ್ದನ್ನ ನೋಡಿ ನೋಡಿ ಕಲಿತಿದಾಳೆ. ಓದೋಕೆ ಬರಲ್ಲ ಕಣೋ ಆಕೆಗೆ.”

ಇನ್ಸ್‌ಪೆಕ್ಟರ್ ನೆಟ್ಟಗಾದ. ಮುಖ ಹುಳ್ಳಗಾಯಿತು. “ಹಾಗಾದ್ರೆ ಓದಿದೆ ಅಂತ ಯಾಕೆ ಹೇಳಿದ್ಳು?”

“ನೀನು ಏನು ಕೇಳಿದೆ?”

“ವ್ಯಾನಿನ ಮೇಲೆ ಏನು ಬರೆದಿತ್ತು ಅಂತ ಕೇಳಿದೆ. ಇನ್ನೇನು ಕೇಳಲಿ?”

“ಅದಕ್ಕೇ,” ಎಂದು ಅವಳು ಮಸೂರವನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡಳು.

ಹೊರಗೆ ಬೆಂಚಿನ ಮೇಲೆ ಡ್ರೈವರ್ ಎದ್ದು ನಿಂತ. ಮೂವತ್ತೈದರ ಆಸುಪಾಸಿನವನು, ಎರಡು ದಿನದ ಗಡ್ಡ. ಅಂಗಿಯ ಹೊಲಿಗೆಗಳಲ್ಲಿ ಹಿಟ್ಟು ಇನ್ನೂ ಉಳಿದಿತ್ತು. “ಮೇಡಂ, ಮಕ್ಕಳಾಣೆ, ನನ್ನ ವ್ಯಾನು ಆವತ್ತು ಹಿಟ್ಟಿನ ಗಿರಣಿ ಮುಂದೆ ನಿಂತಿತ್ತು. ಸರದಿ ಬರೋವರೆಗೂ ಸೀಟಿನ ಮೇಲೆ ನಿದ್ದೆ ಹೋಗಿದ್ದೆ. ನಿದ್ದೆ ಹೋದವನನ್ನ ಯಾರು ನೋಡ್ತಾರೆ ಹೇಳಿ?” ದನಿ ಮೆತ್ತಗಿತ್ತು. ಕೂತುಕೊಳ್ಳಿ ಎಂದು ತನ್ನ ಜಾಗವನ್ನೇ ತೋರಿಸಿದ.

ಸಭ್ಯನಂತೆ ಕಂಡ. ಆದರೆ ಮುಖ ನೋಡಿ ಮನುಷ್ಯನನ್ನು ಅಳೆಯುವ ಅಭ್ಯಾಸ ಅವಳಿಗಿರಲಿಲ್ಲ. ಅವಳು ತಲೆಯಾಡಿಸಿ ಮುಂದೆ ಹೋದಳು.

*

ಇಸ್ತ್ರಿಯಾಕೆಯದು ಗೋಡೆಗೆ ಒರಗಿಸಿದ ಒಂದು ಮೇಜು, ಮೇಲೊಂದು ತಗಡಿನ ಮಾಡು. ಮೇಜಿಗೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಬಿಳಿಯ ಹಾಸು. ಇದ್ದಿಲ ಇಸ್ತ್ರಿಪೆಟ್ಟಿಗೆ ಹಗುರವಾದ ಸಾಮಾನೇನಲ್ಲ. ಐವತ್ತೈದರ ಆ ಹೆಂಗಸು ಅದನ್ನು ಒಂದೇ ಕೈಯಲ್ಲಿ ಆಡಿಸುತ್ತಿದ್ದಳು. ಇನ್ಸ್‌ಪೆಕ್ಟರನನ್ನು ರಸ್ತೆಯಾಚೆಯ ಚಹಾ ಅಂಗಡಿಗೆ ಕಳಿಸಿ ಭೂತಗನ್ನಡಿ ಒಬ್ಬಳೇ ಬಂದಿದ್ದಳು.

ಒಗೆದು ಮಡಿಸಿಟ್ಟ ಗಂಟುಗಳು ಸಾಲಾಗಿದ್ದವು. ಯಾವುದರ ಮೇಲೂ ಚೀಟಿಯಿಲ್ಲ, ಮನೆ ನಂಬರಿಲ್ಲ. ಒಂದಕ್ಕೆ ಹಸಿರು ದಾರ, ಒಂದಕ್ಕೆ ಎರಡು ಗಂಟಿನ ಹಳದಿ ದಾರ, ಒಂದಕ್ಕೆ ಕಪ್ಪು-ಬಿಳಿ ಹೆಣೆದ ಎಳೆ.

“ಎಷ್ಟು ಮನೆ ಅಕ್ಕಾ ನಿಮ್ಮದು?”

“ನಲವತ್ತೆರಡು.”

“ಬಟ್ಟೆ ಅದಲು ಬದಲು ಆಗಲ್ವಾ?”

“ಇಪ್ಪತ್ತೆರಡು ವರ್ಷದಲ್ಲಿ ಒಂದು ಕರವಸ್ತ್ರ ಅದಲುಬದಲಾಗಿಲ್ಲ. ಬೇಕಾದ್ರೆ ಕೇಳಿ ನೋಡಿ.” ಆಕೆ ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆ ಒತ್ತಿದಳು. “ಹೇಳಬೇಕಾದ್ದೆಲ್ಲ ಆ ಸಾಹೇಬರಿಗೆ ಹೇಳಾಯ್ತಲ್ಲ. ಇನ್ನೇನು?”

ಭೂತಗನ್ನಡಿ ಚೀಲದಿಂದ ಎರಡು ಕಾಗದ ತೆಗೆದು ಹಾಸಿನ ಮೇಲಿಟ್ಟಳು. ಮೊದಲನೆಯದು ಬೆಳಗು ಬ್ರೆಡ್ಡಿನ ಹೊದಿಕೆ: ಕೆಂಪು ನೆಲ, ಅದರ ಮೇಲೆ ದುಂಡಗಿನ, ಕೆನ್ನೆ ತುಂಬಿಕೊಂಡಂಥ ಬಿಳಿ ಅಕ್ಷರ. ಮೂವತ್ತು ವರ್ಷದ ಹಿಂದೆ ಮೇಷ್ಟ್ರು ಬರೆದದ್ದು.

“ಇದೇನು ಅಕ್ಕಾ?”

“ಬೆಳಗು ಬ್ರೆಡ್ಡು. ಕುರುಡರಿಗೂ ಗೊತ್ತು.”

“ಇದು?”

ಎರಡನೆಯದರಲ್ಲೂ ಅದೇ ಹೆಸರಿತ್ತು. ಆದರೆ ಠಾಣೆಯ ಕಂಪ್ಯೂಟರಿನಲ್ಲಿ ಹೊಡೆದದ್ದು. ಬಿಳಿ ಹಾಳೆಯ ಮೇಲೆ ಸಪೂರವಾದ ಕಪ್ಪು ಅಕ್ಷರ.

ಆಕೆ ನೋಡಿದಳು. ಪೆಟ್ಟಿಗೆಯನ್ನು ಪಕ್ಕಕ್ಕೆ ಎತ್ತಿಟ್ಟಳು. “ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ.”

“ಮೊದಲನೇದಕ್ಕೆ ಕನ್ನಡಕ ಬೇಕಾಗಲಿಲ್ಲ.”

“ಏನಮ್ಮಾ, ನನ್ನ ಪರೀಕ್ಷೆ ಮಾಡೋಕೆ ಬಂದ್ರಾ?” ಆಕೆಯ ದನಿ ಏರಿತು. ಚಹಾ ಅಂಗಡಿಯಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಆಕೆ ಕೂಡಲೇ ದನಿ ತಗ್ಗಿಸಿದಳು. “ಸಾಕ್ಷಿ ಹೇಳಿದ್ದೇ ತಪ್ಪಾಯ್ತಾ? ಬಾಯಿ ಮುಚ್ಕೊಂಡು ಇರಬೇಕಿತ್ತು ನಾನು.”

“ಇರಬಾರದಿತ್ತು. ನೀವು ಹೇಳದೇ ಇದ್ದಿದ್ರೆ ಮೇಷ್ಟ್ರು ಹೇಗೆ ಹೋದ್ರು ಅಂತಾನೇ ಗೊತ್ತಾಗ್ತಿರಲಿಲ್ಲ.” ಭೂತಗನ್ನಡಿ ಮಡಿಸಿಟ್ಟ ಗಂಟುಗಳ ಪಕ್ಕದ ಸ್ಟೂಲಿನ ಮೇಲೆ ಕೂತಳು. “ಆದ್ರೆ ನೀವು ಓದಲಿಲ್ಲ. ನೋಡಿದ್ರಿ. ನನಗೆ ಬೇಕಾಗಿರೋದು ನೋಡಿದ್ದು.”

ಆಕೆ ಎರಡನೆಯ ಕಾಗದವನ್ನು ಕವುಚಿಟ್ಟಳು.

“ನಿಮಗೆ ಯಾರು ಹೇಳಿದ್ರು?” ಎಂದಳು ಆಕೆ.

“ನಿಮ್ಮ ಸಹಿ.”

“ಅದನ್ನ ಕಲಿಯೋಕೆ ಒಂದು ಬೇಸಿಗೆ ಹಿಡೀತು ನನಗೆ.” ಆಕೆ ಹಾಸಿನ ಸುಕ್ಕನ್ನು ಅಂಗೈಯಿಂದ ತೀಡಿದಳು, ಅಲ್ಲಿ ಸುಕ್ಕಿರಲಿಲ್ಲ. “ಮಗನ ಮದುವೆ ಮಾತುಕತೆ ಟೈಮಲ್ಲಿ ಬೀಗರಿಗೆ ಏಳನೇ ಕ್ಲಾಸು ಅಂದುಬಿಟ್ಟೆ. ಸೊಸೆ ಓದಿದವಳು. ದಿನಾ ಪೇಪರ್ ತಂದು ಕೈಗಿಡ್ತಾಳೆ, ನಾನು ಅದನ್ನ ಹಿಡ್ಕೊಂಡು ಕೂರ್ತೀನಿ. ಚಿತ್ರ ಇರೋದ್ರಿಂದ ಮೇಲೆ ಯಾವುದು ಕೆಳಗೆ ಯಾವುದು ಅಂತ ಗೊತ್ತಾಗತ್ತೆ.”

“ಬಸ್ಸು?”

“ಬಸ್ಸಿನ ಬೋರ್ಡು ಮೇಷ್ಟ್ರು ಬರೀತಿದ್ದ ಕಾಲದಲ್ಲಿ ತೊಂದರೆ ಇರಲಿಲ್ಲ. ತಂಗಿ ಊರಿನ ಬಸ್ಸು ಅಂದ್ರೆ ನೀಲಿ ಹಲಗೆ, ಮೊದಲನೇದು ಬಾಗಿದ ಬಾತುಕೋಳಿ ಹಾಗೆ, ಕೊನೇದು ಕಾಲು ಮಡಿಸಿ ಕೂತ ಹಾಗೆ. ದೂರದಿಂದಲೇ ಹೇಳ್ತಿದ್ದೆ. ಹೋದ ವರ್ಷ ಅದನ್ನೆಲ್ಲ ಕಿತ್ತು ಮಿಣಮಿಣ ದೀಪದ ಬೋರ್ಡು ಹಾಕಿದ್ರು ನೋಡಿ, ಎಲ್ಲಾ ಒಂದೇ ಥರ ಚುಕ್ಕಿ ಚುಕ್ಕಿ. ಎರಡು ತಿಂಗಳು ತಂಗಿ ಮನೆಗೆ ನಡ್ಕೊಂಡೇ ಹೋದೆ.” ಆಕೆ ನಕ್ಕಳು. “ವ್ಯಾಯಾಮ ಅಂತ ಸೊಸೆಗೆ ಹೇಳಿದ್ದೆ.”

ಭೂತಗನ್ನಡಿಗೆ ನಗು ಬರಲಿಲ್ಲ. ತಾನು ಪೊಟ್ಟಣಗಳಿಗೆ ಬರೆಯುತ್ತಿದ್ದ ದಿನಗಳಲ್ಲಿ ಸಾವಿರಾರು ಜನ ಓದುತ್ತಾರೆಂದು ಹೆಮ್ಮೆಪಟ್ಟಿದ್ದಳು. ಓದದೆ ಬರೀ ಗುರುತು ಹಿಡಿಯುವವರ ಲೆಕ್ಕವನ್ನು ಯಾವತ್ತೂ ಹಾಕಿರಲಿಲ್ಲ.

“ಮಂಗಳವಾರದ ವ್ಯಾನನ್ನ ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ,” ಎಂದಳು. “ಬ್ರೆಡ್ ವ್ಯಾನೇನಾ ಅದು?”

ಆಕೆ ತಿರುಗಿದಳು. ರಸ್ತೆಯಲ್ಲಿ ವ್ಯಾನು ನಿಂತಿದ್ದ ಜಾಗವನ್ನೇ ನೋಡಿದಳು.

“ಕೆಂಪು ಅದೇ. ಬಿಳಿ ಅದೇ. ಅಕ್ಷರದ ಮೈಕಟ್ಟೂ ಮೇಷ್ಟ್ರದ್ದೇ. ಮೂರೇ ಅಕ್ಷರ, ಬ್ರೆಡ್ಡಿಗೂ ಮೂರೇ. ಮೊದಲನೇದು ಅದೇ, ಎರಡನೇದು ಅದೇ.” ನಿಲ್ಲಿಸಿದಳು. “ಮೂರನೇದು ಬೇರೆ ಇತ್ತು.”

“ಇದನ್ನ ಸಾಹೇಬರಿಗೆ ಹೇಳಿದ್ರಾ?”

“ಹೆಂಗೆ ಹೇಳಲಿ? ಏನು ಬರೆದಿತ್ತು ಅಂದ್ರು. ಬೇರೆ ಅಂದ್ರೆ ಮತ್ತೇನು ಅಂತ ಕೇಳ್ತಿದ್ರು. ಏನು ಅಂತ ಹೇಳಬೇಕಿತ್ತು ನಾನು?”

“ಈಗ ಹೇಳಿ. ಹೆಂಗಿತ್ತು?”

“ಬ್ರೆಡ್ಡಿಂದು ಕೊಡೆ ಬಿಚ್ಚಿಟ್ಟ ಹಾಗೆ ಇರತ್ತೆ, ಪಕ್ಕದಲ್ಲಿ ಒಂದು ಬಾಲ. ಇದಕ್ಕೂ ಬಾಲ ಇತ್ತು. ಆದ್ರೆ ಕೊಡೆ ಅಲ್ಲ. ದುಂಡಗೆ, ಸೊಂಟಕ್ಕೆ ಪಟ್ಟಿ ಕಟ್ಕೊಂಡ ಹಾಗೆ.”

“ಬರೆದು ತೋರಿಸ್ತೀರಾ? ಅಂದ್ರೆ, ಬಿಡಿಸಿ.”

ಬಟ್ಟೆಗೆ ಚಿಮುಕಿಸಲು ಇಟ್ಟ ನೀರಿನ ಬಟ್ಟಲಿಗೆ ಆಕೆ ಬೆರಳು ಅದ್ದಿದಳು. ಬಿಳಿ ಹಾಸಿನ ಮೇಲೆ ಮೊದಲು ಮೂರು ಅಕ್ಷರಗಳ ತಲೆ, ಆಮೇಲೆ ಒಂದೊಂದೇ ಮೈ. ತಡವರಿಸಲಿಲ್ಲ. ಒದ್ದೆ ಗೆರೆ ಬಿಸಿ ಕಂಬಳಿಯ ಮೇಲೆ ಅಂಚಿನಿಂದ ಆರತೊಡಗಿತು. ಭೂತಗನ್ನಡಿ ಪೆನ್ಸಿಲು ತೆಗೆದು ಅದು ಮಾಯವಾಗುವ ಮುನ್ನ ಹಾಳೆಗಿಳಿಸಿಕೊಂಡಳು.

ಬೆಳಗು ಅಲ್ಲ. ಬೆಳಕು.

ಓದು ಬಲ್ಲ ಯಾರೇ ಆಗಲಿ, ಆ ಕೆಂಪು, ಆ ಬಿಳಿ ಕಂಡೊಡನೆ ಮೊದಲೆರಡು ಅಕ್ಷರಕ್ಕೇ ಬೆಳಗು ಎಂದು ಓದಿ ಮುಗಿಸಿಬಿಡುತ್ತಿದ್ದರು. ಮೂರನೆಯದರ ತನಕ ಕಣ್ಣು ಹೋಗುತ್ತಿರಲಿಲ್ಲ.

“ಪಟ್ಟಿ ಹೀಗೇ ಇತ್ತಾ? ಬಲಕ್ಕೆ ಜಾರಿದ ಹಾಗೆ?”

“ಹೂಂ. ಸೊಂಟದಿಂದ ಜಾರಿತ್ತು. ಆವತ್ತು ಅದೇ ಕಣ್ಣಿಗೆ ಹೊಡೆದದ್ದು. ಮೇಷ್ಟ್ರ ಪಟ್ಟಿ ಯಾವತ್ತೂ ಜಾರಲ್ಲ.” ಆಕೆ ಬೆರಳೊರೆಸಿಕೊಂಡಳು. “ಇದನ್ನ ಕೋರ್ಟಲ್ಲೂ ಹೇಳಬೇಕಾ? ಓದೋಕೆ ಬರಲ್ಲ ಅನ್ನೋದನ್ನ?”

ಸುಳ್ಳು ಸಮಾಧಾನ ಹೇಳಬಹುದಿತ್ತು. “ಹೇಳಬೇಕಾಗತ್ತೆ,” ಎಂದಳು ಭೂತಗನ್ನಡಿ.

ಆಕೆ ಪೆಟ್ಟಿಗೆಯ ಮುಚ್ಚಳ ತೆಗೆದು ಇದ್ದಿಲ ಮೇಲಿನ ಬೂದಿ ಊದಿದಳು. ಬಹಳ ಹೊತ್ತು ಊದಿದಳು. “ಬೇರೆಯವರ ಬಾಯಿಂದ ಕೇಳಿದ್ರೆ ಸೊಸೆಗೆ ಸಂಕಟ ಆಗತ್ತೆ,” ಎಂದಳು ಕೊನೆಗೆ. “ಇವತ್ತೇ ನಾನೇ ಹೇಳ್ತೀನಿ.”

*

“ಬೆಳಕು?” ಇನ್ಸ್‌ಪೆಕ್ಟರ್ ಜೀಪಿನಲ್ಲಿ ಕೂತೇ ಎರಡು ಕಡೆ ಫೋನ್ ಮಾಡಿದ. ಆ ಹೆಸರಿನ ವ್ಯಾಪಾರ ಊರಲ್ಲಿ ನೋಂದಣಿಯಾಗಿರಲಿಲ್ಲ, ಆ ಹೆಸರಿನ ವ್ಯಾನೂ ಇರಲಿಲ್ಲ. “ಹಾಗಾದ್ರೆ ಡ್ರೈವರ್?”

“ಅವನ ವಿರುದ್ಧ ಇದ್ದದ್ದು ಒಂದೇ ಮಾತು. ಅದೂ ಬಿತ್ತು. ಬಿಟ್ಟು ಕಳಿಸು.”

“ಖಂಡಿತಾನಾ ಮೇಡಂ?” ಸಿಟ್ಟು ಬಂದಾಗಲಷ್ಟೇ ಅವನು ಅಕ್ಕನನ್ನು ಮೇಡಂ ಎನ್ನುತ್ತಿದ್ದದ್ದು.

“ಅವನ ವ್ಯಾನು ಅಲ್ಲ ಅನ್ನೋದು ಖಂಡಿತ.”

ಅವನು ಠಾಣೆಗೆ ಫೋನ್ ಮಾಡಿ, ಒಂದು ಸಹಿ ಹಾಕಿಸಿಕೊಂಡು ಕಳಿಸಿ ಎಂದ. ಆಗ ಮೂರು ಗಂಟೆ ಹತ್ತು ನಿಮಿಷ.

ಮೇಷ್ಟ್ರ ಮನೆಯ ಓಣಿಗೆ ಜೀಪು ನುಗ್ಗುತ್ತಿರಲಿಲ್ಲ. ದೊಡ್ಡ ಬೀದಿಯಲ್ಲೇ ಬಿಟ್ಟು ನಡೆದರು. ಭೂತಗನ್ನಡಿ ಬೋರ್ಡುಗಳನ್ನು ನೋಡುತ್ತ ನಡೆದಳು. ಇಲ್ಲಿ ಮೇಷ್ಟ್ರು ಎಲ್ಲ ಕಡೆಯೂ ಇದ್ದರು. ಅವರು ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಊರಿಗೆಲ್ಲ ಅಕ್ಷರ ಬರೆದುಕೊಟ್ಟರೆಂದು ಜನ ಪ್ರೀತಿಯಿಂದ ಹಾಗೆ ಕರೆಯುತ್ತಿದ್ದರು. ಪುಸ್ತಕದಂಗಡಿ, ಸೈಕಲ್ ರಿಪೇರಿ, ಹಾಲಿನ ಡಿಪೋ, ಹೆರಿಗೆ ಆಸ್ಪತ್ರೆ. ಮಕ್ಕಳು ಈ ಊರಲ್ಲಿ ಹುಟ್ಟುವುದೂ ಅವರ ಅಕ್ಷರದ ಕೆಳಗೆ, ಮೊದಲ ಬಿಸ್ಕತ್ತು ತಿನ್ನುವುದೂ ಅವರ ಅಕ್ಷರ ಹರಿದು. ಆ ಅಕ್ಷರ ಕಂಡರೆ ಜನ ಪೊಟ್ಟಣ ತಿರುಗಿಸಿ ನೋಡುವುದಿಲ್ಲ. ಒಳಗಿರುವುದು ಒಳ್ಳೆಯದೇ ಎಂದು ಕೈ ತಾನಾಗಿ ಎತ್ತಿಕೊಳ್ಳುತ್ತದೆ.

ಅವಳು ನಿಂತಳು.

“ಏನಾಯ್ತು?”

“ಸೈಕಲ್ ಅಂಗಡಿಯ ‘ಕ’ ನೋಡು. ನಡುವಿನ ಗೆರೆ ಬಲಕ್ಕೆ ಏರ್ತಾ ಹೋಗತ್ತೆ. ಪುಸ್ತಕದಂಗಡಿಯದ್ದೂ ಹಾಗೇ. ಮೇಷ್ಟ್ರ ಕೈಯ ಗುಣ ಅದು.” ಬೋರ್ಡುಗಳ ಮೂಲೆಯಲ್ಲಿ ಮೇಷ್ಟ್ರು ಹಾಕುವ ಗುರುತಿತ್ತು, ಒಂದು ಪುಟ್ಟ ಕುಂಚ, ಕೆಳಗೆ ಇಸವಿ. ಎರಡೂ ಹತ್ತು ವರ್ಷಕ್ಕೂ ಹಳೆಯವು. “ಈಗ ಈ ಕನ್ನಡಕದ ಅಂಗಡಿ ನೋಡು.”

ಅದು ಹೋದ ವರ್ಷದ್ದು. ಅದೇ ದುಂಡು, ಅದೇ ತುಂಬುಗೆನ್ನೆ, ಮೂಲೆಯಲ್ಲಿ ಅದೇ ಕುಂಚ. ಆದರೆ ಎರಡು ‘ಕ’ಗಳ ಗೆರೆಯೂ ಬಲಕ್ಕೆ ಕೂದಲೆಳೆಯಷ್ಟು ಇಳಿದಿತ್ತು.

“ವಯಸ್ಸಾಯ್ತು, ಕೈ ಸೋತಿರತ್ತೆ,” ಎಂದ ತಮ್ಮ.

“ಸೋತ ಕೈ ನಡುಗತ್ತೆ. ಇದರಲ್ಲಿ ನಡುಕ ಇಲ್ಲ. ಗಟ್ಟಿ ಕೈ. ಬೇರೆ ಕೈ.”

*

ಬಾಗಿಲು ತೆಗೆದವಳು ಮೇಷ್ಟ್ರ ಮಗಳು. ಅಪ್ಪ ಕಾಣೆಯಾದ ದೂರು ಕೊಟ್ಟವಳೂ ಅವಳೇ. ನಲವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ತಾಯಿ ತೀರಿದ ಮೇಲೆ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಮುಂಗೋಣೆಯಲ್ಲಿ ಓರೆ ಹಲಗೆಯ ಬರೆಯುವ ಮೇಜು, ಕುಂಚಗಳು ಗಾತ್ರಕ್ಕೆ ತಕ್ಕಂತೆ ಜೋಡಿಸಿದ್ದವು. ಮೇಜಿನ ಅಂಚಿನಲ್ಲಿ ಹೃದಯದ ಮಾತ್ರೆಯ ಹಾಳೆ. ದಿನಕ್ಕೆ ಎರಡು. ಮಂಗಳವಾರ ಬೆಳಗಿನದರ ತನಕ ಖಾಲಿ, ಆಮೇಲಿನವು ಹಾಗೇ ಇದ್ದವು.

“ಏನಾದ್ರೂ ಗೊತ್ತಾಯ್ತಾ ಸಾರ್?”

“ಅಪ್ಪ ಕೊನೆಗೆ ಬೋರ್ಡು ಬರೆದದ್ದು ಯಾವಾಗ?” ಎಂದು ಕೇಳಿದ ಇನ್ಸ್‌ಪೆಕ್ಟರ್.

“ಹೇಳಿದ್ನಲ್ಲ. ಮಂಗಳವಾರ ಬೆಳಿಗ್ಗೆಯೂ ಬರೀತಾ ಇದ್ರು.”

ಭೂತಗನ್ನಡಿ ಕುಡಿಯಲು ನೀರು ಕೇಳಿದಳು. ತರುತ್ತೇನೆಂದರೂ ಕೇಳದೆ ಅವಳ ಹಿಂದೆಯೇ ಅಡುಗೆಮನೆಗೆ ಹೋದಳು.

ಗೋಡೆಯ ಹಲಗೆಯ ಮೇಲೆ ಡಬ್ಬಿಗಳು. ಒಂದೊಂದಕ್ಕೂ ಬಿಳಿ ಕಾಗದದ ಚೀಟಿ, ಅದರ ಮೇಲೆ ಕುಂಚದಿಂದ ಬರೆದ ಹೆಸರು. ಅಂಗಡಿಯ ಬೋರ್ಡಿಗೂ ಇಷ್ಟು ಜತನ ಮಾಡುವವರು ಕಡಿಮೆ. ಸಕ್ಕರೆ. ಕಡಲೆ. ಕಾಫಿಪುಡಿ. ಬೆಲ್ಲದ ಡಬ್ಬಿಯ ಚೀಟಿ ತೀರಾ ಹೊಸದು, ಅಂಟು ಇನ್ನೂ ಹಳದಿಯಾಗಿರಲಿಲ್ಲ.

ಮೂರು ‘ಕ’ಗಳಲ್ಲೂ ಪಟ್ಟಿ ಬಲಕ್ಕೆ ಜಾರಿತ್ತು.

“ಅಕ್ಷರ ಚೆನ್ನಾಗಿದೆ. ಯಾರು ಬರೆದದ್ದು?”

“ಅಪ್ಪ.” ಉತ್ತರ ಬೇಗನೇ ಬಂತು.

ಭೂತಗನ್ನಡಿ ಪೆನ್ಸಿಲಿನಲ್ಲಿ ಇಳಿಸಿಕೊಂಡ ಹಾಳೆಯನ್ನು ಬಿಚ್ಚಿ ಸಕ್ಕರೆ ಡಬ್ಬಿಗೆ ಒರಗಿಸಿದಳು. “ಇದು ಅವರನ್ನ ಎತ್ತಿಕೊಂಡು ಹೋದ ವ್ಯಾನಿನ ಮೇಲಿದ್ದದ್ದು. ನೋಡಿದವರು ಬಿಡಿಸಿಕೊಟ್ರು. ಇದನ್ನೂ ಅಪ್ಪನೇ ಬರೆದ್ರಾ?”

ಮಗಳು ಹಾಳೆಯನ್ನು ನೋಡಿದಳು. ಲೋಟ ಕೆಳಗಿಟ್ಟಳು. ಬಾಗಿಲಲ್ಲಿ ಬಂದು ನಿಂತ ಇನ್ಸ್‌ಪೆಕ್ಟರ್ ಏನೋ ಹೇಳಹೊರಟ. ಅಕ್ಕ ಕೈಯೆತ್ತಿ ಸುಮ್ಮನಿರಿಸಿದಳು.

“ಅಪ್ಪನ ಕೈ ನಡುಗೋಕೆ ಶುರುವಾಗಿ ಎರಡು ವರ್ಷ ಆಯ್ತು,” ಎಂದಳು ಮಗಳು. “ಲೋಟ ಹಿಡಿಯೋಕೂ ಕಷ್ಟ. ಆಮೇಲಿನ ಬೋರ್ಡೆಲ್ಲ ನಂದೇ. ಗಿರಾಕಿ ಬಂದಾಗ ಅಪ್ಪ ಮೇಜಿನ ಮುಂದೆ ಕೂತಿರ್ತಿದ್ರು, ಅಷ್ಟೇ. ಮೇಷ್ಟ್ರು ಬರೆದದ್ದು ಅಂದ್ರೆ ಜನಕ್ಕೆ ನಂಬಿಕೆ. ಮಗಳು ಬರೆದದ್ದು ಅಂದ್ರೆ ಯಾರು ಬರ್ತಾರೆ ಮೇಡಂ? ಅಪ್ಪನಿಗೂ ಅದೇ ಬೇಕಿತ್ತು. ಗೆರೆ ಜಾರ್ತಾ ಇದೆ ನೋಡು ಅಂತ ಬಯ್ತಾನೇ ಇದ್ರು. ನನ್ನ ಕೈ ಬಗ್ಗಲಿಲ್ಲ.”

“ಬೆಳಕು?”

“ಅದೂ ನಂದೇ. ಆದ್ರೆ ವ್ಯಾನಿಗೆ ಅಂತ ಗೊತ್ತಿರಲಿಲ್ಲ.” ಅವಳು ಹಾಳೆಯನ್ನು ಮಡಿಸತೊಡಗಿದಳು, ಅದು ತನ್ನದೇ ಎಂಬಂತೆ. “ಬೆಳಗು ಬ್ರೆಡ್ಡಿನವರೇ ಹೊಸ ಮಾಲು ತೆಗೀತಾರೆ, ಅದೇ ಅಕ್ಷರ, ಅದೇ ಕೆಂಪು ಇರಲಿ ಅಂದ್ರು. ಬರೆದುಕೊಟ್ಟೆ. ಹದಿನೈದು ದಿನಕ್ಕೆ ಮತ್ತೆ ಬಂದು, ಎಲ್ಲಾ ಅಕ್ಷರಾನೂ ಬೇಕು, ಅ-ಆದಿಂದ ಕೊನೇವರೆಗೆ, ಒತ್ತಕ್ಷರ ಸಮೇತ ಅಂದ್ರು. ಅಪ್ಪನಿಗೆ ಹೇಳಿದೆ. ಕೆರಳಿಬಿಟ್ರು. ನನ್ನ ಅಕ್ಷರ ಯಾವ ಪೊಟ್ಟಣದ ಮೇಲೆ ಕೂರತ್ತೆ ಅಂತ ನನಗೆ ಗೊತ್ತಿರಬೇಕು, ಒಂದಕ್ಷರಾನೂ ಕೊಡಬೇಡ ಅಂದ್ರು. ಮೇಷ್ಟ್ರು ಬರೆಯೋಕೆ ಒಪ್ಪಲ್ಲ ಅಂತ ಹೇಳಿ ಕಳಿಸಿದೆ. ಅದು ಭಾನುವಾರ.”

ಎರಡು ದಿನ ಬಿಟ್ಟು ಮಂಗಳವಾರ. ಭೂತಗನ್ನಡಿಗೆ ಮಿಕ್ಕದ್ದನ್ನು ಯಾರೂ ಹೇಳಬೇಕಿರಲಿಲ್ಲ. ಅಕ್ಷರಮಾಲೆಯೊಂದು ಕೈಗೆ ಸಿಕ್ಕರೆ ಸಾಕು: ಬ್ರೆಡ್ಡು, ಹಾಲು, ಔಷಧಿ, ಊರು ಕಣ್ಣುಮುಚ್ಚಿ ಕೊಳ್ಳುವ ಪ್ರತಿಯೊಂದಕ್ಕೂ ಒಂದೊಂದು ನಕಲು ಹೊದಿಕೆ.

“ಅವರಿಗೆ ಬೇಕಾಗಿದ್ದದ್ದು ಬರೆಯೋ ಕೈ,” ಎಂದಳು ಮಗಳು. “ತಪ್ಪು ಮನುಷ್ಯನನ್ನ ಎತ್ತಿಕೊಂಡು ಹೋದ್ರು.”

“ಇದನ್ನೆಲ್ಲ ಮಂಗಳವಾರವೇ ಹೇಳಬಾರದಿತ್ತೇನ್ರೀ?” ಇನ್ಸ್‌ಪೆಕ್ಟರ್ ತಾಳ್ಮೆ ಕಳೆದುಕೊಂಡ.

“ಹೇಳಬೇಕಾಗಿ ಬರಲ್ಲ ಅಂದುಕೊಂಡೆ ಸಾರ್. ಆರ್ಡರ್ ತಂದವನನ್ನ ನೀವೇ ಹಿಡಿದು ಕೂರಿಸಿದ್ರಿ. ಅವನ ಬಾಯಿ ಬಿಡಿಸ್ತೀರಿ, ಅಪ್ಪ ಮನೆಗೆ ಬರ್ತಾರೆ, ಅಕ್ಷರದ ವಿಷಯ ಮನೆಯೊಳಗೇ ಇರತ್ತೆ ಅಂತ.”

ಅಕ್ಕ ತಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಯಾರು ಆರ್ಡರ್ ತಂದದ್ದು?” ಎಂದು ಕೇಳಿದಳು ಭೂತಗನ್ನಡಿ. ಉತ್ತರ ಗೊತ್ತಿತ್ತು. ಕೇಳುವುದು ಕೆಲಸವಾಗಿತ್ತು.

“ಬ್ರೆಡ್ ವ್ಯಾನಿನ ಡ್ರೈವರ್.”

ಇನ್ಸ್‌ಪೆಕ್ಟರ್ ಆಗಲೇ ಫೋನ್ ಕಿವಿಗೆ ಹಚ್ಚಿದ್ದ. ಆ ಕಡೆಯ ಪೇದೆಯ ದನಿ ಅಡುಗೆಮನೆಗೆಲ್ಲ ಕೇಳಿಸುವಷ್ಟು ಜೋರಾಗಿತ್ತು. “ಅವನಾ ಸಾರ್? ಹೋಗಿ ಮುಕ್ಕಾಲು ಗಂಟೆ ಆಯ್ತು. ಯಾರೋ ಗೇಟಿನ ಹತ್ತಿರಾನೇ ಕಾಯ್ತಿದ್ರು, ಹತ್ತಿಸಿಕೊಂಡು ಹೋದ್ರು. ಪಾಪ, ಎಲ್ಲರಿಗೂ ಕೈ ಮುಗಿದು ಹೋದ ಸಾರ್.”

“ಯಾವ ಕಡೆ?”

“ಕೇಳಲಿಲ್ಲ ಸಾರ್.”

ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅವನ ವ್ಯಾನು ಅಲ್ಲ ಅನ್ನೋದು ಖಂಡಿತ, ಎಂದಿದ್ದಳು. ಅದು ನಿಜವೇ. ವ್ಯಾನು ಅವನದಲ್ಲ ಎಂದಾಕ್ಷಣ ಅವನಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಯಾರು ಹೇಳಿದ್ದರು? ತಾನೂ ಎರಡಕ್ಷರ ನೋಡಿ ಮೂರನೆಯದನ್ನು ಊಹಿಸಿಕೊಂಡಿದ್ದಳು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ಒಂದು ಕ್ಷಣ ಹಿಡಿಯಿತು, ಹೆಚ್ಚಲ್ಲ.

“ನಿಮ್ಮ ಅಪ್ಪನಿಗೆ ಮಾತ್ರೆ ಇಲ್ಲದೆ ಎಷ್ಟು ದಿನ ತಡೆಯತ್ತೆ?”

“ಡಾಕ್ಟರು ಮೂರು ದಿನ ಅಂದಿದ್ರು. ಇವತ್ತು…”

ಹೊರಗೆ ಗೇಟಿನ ಚಿಲಕ ಸದ್ದಾಯಿತು.

ಕಲ್ಲುಹಾಸಿನ ಮೇಲೆ ಅವಸರವಿಲ್ಲದ ಹೆಜ್ಜೆ. ಮುಂಬಾಗಿಲಿಗೆ ಪರದೆಯೊಂದೇ ಇತ್ತು, ಕದ ಹಾಕಿರಲಿಲ್ಲ. ಇನ್ಸ್‌ಪೆಕ್ಟರನ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. ಅಕ್ಕ ಆ ಮಣಿಕಟ್ಟನ್ನು ಹಿಡಿದಳು. ಅವನನ್ನು ಇಲ್ಲಿ ಹಿಡಿದರೆ ಓಣಿಯ ಆಚೆ ಕಾಯುತ್ತಿರುವವರು ನಿಲ್ಲುವುದಿಲ್ಲ. ಅವರು ಹೋದರೆ ಮೇಷ್ಟ್ರ ಜಾಡೂ ಹೋಯಿತು.

“ಅಕ್ಕಾ, ಇದ್ದೀರಾ?” ಅದೇ ಮೆತ್ತನೆಯ ದನಿ. ಮೆಟ್ಟಿಲ ಮೇಲೆ ನಿಂತೇ ಕರೆದ. “ಮೇಷ್ಟ್ರ ಕೈ ಹಿಂಗೆ ನಡುಗತ್ತೆ ಅಂತ ಮೊದಲೇ ಒಂದು ಮಾತು ಹೇಳಬಾರದಿತ್ತಾ? ಹೊರಡಿ. ವ್ಯಾನು ಬಂದಿದೆ. ಇನ್ನು ನೀವೇ ಬರೀಬೇಕಂತೆ.”

ಭೂತಗನ್ನಡಿ ಬೇಡ ಎಂಬಂತೆ ತಲೆಯಾಡಿಸಿದಳು.

ಮೇಷ್ಟ್ರ ಮಗಳು ಅವಳನ್ನು ನೋಡಲಿಲ್ಲ. ಸರಸರನೆ ಮುಂಗೋಣೆಗೆ ನಡೆದು ಮೇಜಿನ ಅಂಚಿನಿಂದ ಮಾತ್ರೆಯ ಹಾಳೆ ಎತ್ತಿಕೊಂಡಳು. ಕುಂಚಗಳಲ್ಲಿ ಮೂರನ್ನು ಆರಿಸಿಕೊಂಡಳು.

“ಬಂದೆ,” ಎಂದಳು, ಚಪ್ಪಲಿ ಮೆಟ್ಟುತ್ತ.